ನೆಟ್ಟಣದ ದಿಗ್ಬಂಧನ ಮತ್ತು ದಿಲ್ಲಿಯ ಅಕ್ಕ

ಆ ದಿನ ನನ್ನ ಹೋಟೆಲಿನಲ್ಲಿ ಯಾರೆಲ್ಲ ಇದ್ದರು ಎಂದು ಮೊದಲು ಹೇಳಿಬಿಡುತ್ತೇನೆ. ಬಾಗಿಲಿಗೆ ಎದುರಾಗಿ ಬೆಂಚಿನ ಮೇಲೆ, ಎರಡು ಕೈಯನ್ನೂ ಮೊಣಕಾಲಿಗೆ ಊರಿ ಕೂತವರು ನೆಟ್ಟಣ ರೈಲ್ವೆ ಸ್ಟೇಷನ್ನಿನ ಜೀಪಿನವರ ಸಂಘದ ಅಧ್ಯಕ್ಷ ಕುಶಾಲಪ್ಪಣ್ಣ. ಅವರ ಸುತ್ತ ಒಂಬತ್ತು ಹತ್ತು ಮಂದಿ ಡ್ರೈವರುಗಳು, ಕೆಲವರು ಕೂತು, ಕೆಲವರು ಗೋಡೆಗೆ ಒರಗಿ. ಗಲ್ಲಾದ ಹಿಂದೆ ನಾನು. ಹೋಟೆಲು ನನ್ನದು, ಅಕ್ಷರ ಚಂದ ಎಂಬ ಒಂದೇ ಕಾರಣಕ್ಕೆ ಸಂಘದ ಕಾರ್ಯದರ್ಶಿಯೂ ನಾನೇ, ಹಾಗಾಗಿ ಮುಂದೆ ನಡಾವಳಿ ಪುಸ್ತಕ ತೆರೆದಿತ್ತು. ರಸ್ತೆಯ ಆಚೆ ಬದಿಯಲ್ಲಿ ತನ್ನ ಜೀಪಿಗೆ ಬೆನ್ನು ಕೊಟ್ಟು ನಿಂತಿದ್ದವನು ಅದ್ರಾಮ. ಸಭೆ ಸೇರಿದ್ದು ಅವನ ವಿಷಯಕ್ಕೇ ಆದರೂ ಅವನಿಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ. ಇನ್ನು ಮೂಲೆಯ ಮೇಜಿನಲ್ಲಿ ಅರುವತ್ತು ದಾಟಿದ ಒಬ್ಬ ಹೆಂಗಸು, ಹತ್ತಿಯ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ, ಒಂದು ಬಾಳೆಹಣ್ಣಿನ ಬನ್ಸನ್ನು ಅಳತೆ ಹಿಡಿದ ಹಾಗೆ ನಾಲ್ಕು ತುಂಡು ಮಾಡಿ ನಿಧಾನಕ್ಕೆ ತಿನ್ನುತ್ತಿದ್ದರು. ಯಾರನ್ನೋ ರೈಲು ಹತ್ತಿಸಲು ಬಂದವರಿರಬೇಕು ಎಂದುಕೊಂಡು ನಾವು ಯಾರೂ ಅವರ ಕಡೆ ಗಮನ ಕೊಡಲಿಲ್ಲ.

ಅದ್ರಾಮನ ಅಪರಾಧ ಇಷ್ಟು. ನಮ್ಮ ಸ್ಟೇಷನ್ನಿನಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು. ಹಿಂದೆ ರೈಲು ನಿಂತ ಕೂಡಲೇ ಡ್ರೈವರುಗಳೆಲ್ಲ ಅವರ ಮೇಲೆ ಮುಗಿಬಿದ್ದು, ಒಬ್ಬ ಬ್ಯಾಗು ಎಳೆದರೆ ಇನ್ನೊಬ್ಬ ಅಜ್ಜಿಯನ್ನು ಎಳೆದು, ದೊಡ್ಡ ಅವಾಂತರವಾಗುತ್ತಿತ್ತು. ಅದಕ್ಕೆ ಕುಶಾಲಪ್ಪಣ್ಣ ಕ್ಯೂ ಮಾಡಿಸಿದರು. ಗೇಟಿನಿಂದ ಹೊರಗೆ ಬಂದವರು ಮೊದಲು ನಿಂತ ಜೀಪಿಗೇ ಹತ್ತಬೇಕು. ಕೂಗಿ ಕರೆಯುವಂತಿಲ್ಲ, ಬ್ಯಾಗಿಗೆ ಕೈ ಹಾಕುವಂತಿಲ್ಲ, ಮೊದಲೇ ಫೋನಿನಲ್ಲಿ ಬಾಡಿಗೆ ಗೊತ್ತು ಮಾಡಿಕೊಂಡು ಬರುವಂತಿಲ್ಲ. ಎರಡು ದಿನದ ಹಿಂದೆ ಅದ್ರಾಮ ಫೋನು ಬಂತೆಂದು ಎಲ್ಲರನ್ನೂ ದಾಟಿ ಜೀಪನ್ನು ಗೇಟಿನ ಬಾಯಿಗೇ ತಂದು ನಿಲ್ಲಿಸಿ, ಹದಿನಾಲ್ಕು ರಟ್ಟಿನ ಪೆಟ್ಟಿಗೆಗಳನ್ನೂ ಅವುಗಳ ಮರೆಯಲ್ಲಿ ಮುಖ ಕಾಣದ ಒಬ್ಬ ಪ್ರಯಾಣಿಕರನ್ನೂ ತುಂಬಿಕೊಂಡು ಕಡಬಕ್ಕೆ ಹೋಗಿಬಿಟ್ಟಿದ್ದ.

"ಬರ್ಕೊ ಶೇಷಪ್ಪ," ಎಂದರು ಕುಶಾಲಪ್ಪಣ್ಣ. "ಅದ್ರಾಮನನ್ನು ಕ್ಯೂವಿನಿಂದ ಹೊರಗೆ ಹಾಕಿದ್ದು. ಅವನಿಗೆ ಯಾರೂ ಬಾಡಿಗೆ ಕೊಡ್ಲಿಕ್ಕಿಲ್ಲ. ಅವನ ಜೀಪು ಹಾಳಾದ್ರೆ ಯಾರೂ ಕೈ ಹಾಕ್ಲಿಕ್ಕಿಲ್ಲ. ಅವನನ್ನಾಗಲಿ ಅವನ ಮನೆಯವರನ್ನಾಗಲಿ ಯಾರೂ ಹತ್ತಿಸ್ಲಿಕ್ಕಿಲ್ಲ. ನಿನ್ನ ಹೋಟೆಲಲ್ಲಿ ಚಹಾ ಇಲ್ಲ."

"ಚಹಾವೂ ಇಲ್ವಾ?"

"ಇಲ್ಲ ಅಂದ್ರೆ ಇಲ್ಲ ಮಾರಾಯ."

ನಾನು ಬರೆದೆ. ಆಗ ಮೂಲೆಯ ಹೆಂಗಸು ಎದ್ದು, ಕೈ ತೊಳೆದು, ಸೆರಗಿನಲ್ಲಿ ಒರಸಿಕೊಳ್ಳುತ್ತಾ ನಮ್ಮ ಕಡೆ ಬಂದರು.

"ಇದು ಎಷ್ಟು ದಿನಕ್ಕೆ?"

"ಎಂತದು?"

"ಈ ಶಿಕ್ಷೆ."

"ಅವನಿಗೆ ಬುದ್ಧಿ ಬರುವವರೆಗೆ."

"ಬುದ್ಧಿ ಬಂತು ಅಂತ ನಿಮಗೆ ಹೇಗೆ ಗೊತ್ತಾಗುದು?"

ಕುಶಾಲಪ್ಪಣ್ಣ, ಉತ್ತರ ಅಲ್ಲಿ ಬರೆದಿದೆಯೋ ಎಂಬಂತೆ, ನನ್ನ ಪುಸ್ತಕದ ಕಡೆ ಬಗ್ಗಿ ನೋಡಿದರು.

"ನೀವು ವಕೀಲರಾ?" ಎಂದು ಒಬ್ಬ ಡ್ರೈವರು ಕೇಳಿದ.

"ಅಲ್ಲ. ನಾನು ಮೂವತ್ತು ವರ್ಷ ದಿಲ್ಲಿಯಲ್ಲಿ ಇದೇ ಕೆಲಸ ಮಾಡಿದ್ದು. ನೀವು ಅದ್ರಾಮನಿಗೆ ಮಾಡಿದಿರಿ, ನಾವು ದೇಶಗಳಿಗೆ ಮಾಡ್ತಿದ್ದೆವು." ಆಮೇಲೆ, ಕ್ಷಮೆ ಕೇಳುವ ದನಿಯಲ್ಲಿ, "ಮತ್ತೆ, ಆ ಹದಿನಾಲ್ಕು ಪೆಟ್ಟಿಗೆ ನನ್ನದು. ಫೋನು ಮಾಡಿದ್ದೂ ನಾನೇ."

ನಾನು ಪೆನ್ನು ಕೆಳಗಿಟ್ಟೆ. ದಿಲ್ಲಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಎಂದರೆ ಒಂದು ಫೋನಿನಲ್ಲಿ ನಮ್ಮ ಕ್ಯೂವನ್ನೂ ಸಂಘವನ್ನೂ ಎತ್ತಿ ಹೊಳೆಗೆ ಹಾಕಬಹುದು. ಕುಶಾಲಪ್ಪಣ್ಣ ಮಾತ್ರ ಎದೆ ಸೆಟೆಸಿ, "ನೀವು ಯಾರೇ ಆಗಿ ಅಕ್ಕ, ಕ್ಯೂ ಅಂದ್ರೆ ಕ್ಯೂ," ಎಂದರು.

"ಸರಿಯಾಗಿ ಹೇಳಿದಿರಿ. ನಿಯಮ ಒಳ್ಳೆಯದೇ. ನನಗೆ ಗೊತ್ತಿರ್ಲಿಲ್ಲ, ಕೇಳ್ಬೇಕಿತ್ತು. ಆದರೆ ಮುರಿದವನಿಗೆ ಶಿಕ್ಷೆ ಕೊಟ್ಟು ಮುರಿಸಿದವಳನ್ನು ಬಿಡುದು ಹೇಗೆ? ನನ್ನ ಹೆಸರೂ ಬರೆಯಿರಿ. ಅದ್ರಾಮ ಹೊರಗೆ ಇರುವಷ್ಟು ದಿನ ನೆಟ್ಟಣದ ಯಾವ ಜೀಪೂ ನನ್ನನ್ನು ಹತ್ತಿಸ್ಲಿಕ್ಕಿಲ್ಲ."

"ಅಯ್ಯೋ, ನಿಮ್ಮನ್ನು ಹೇಗೆ..."

"ಬರೀರಿ. ಮತ್ತೆ ಇನ್ನೊಂದು. ಔಷಧಿ, ಆಸ್ಪತ್ರೆ, ಹೆರಿಗೆ, ಮರಣ, ಇಷ್ಟಕ್ಕೆ ವಿನಾಯಿತಿ ಅಂತ ಕೆಳಗೆ ಒಂದು ಸಾಲು ಸೇರಿಸಿ. ಅದು ಇಲ್ಲದೆ ಯಾವ ದಿಗ್ಬಂಧನದ ಕಾಗದಕ್ಕೂ ನಾನು ಸಹಿ ಹಾಕಿದ್ದಿಲ್ಲ." ಕನ್ನಡಕ ಸರಿಮಾಡಿಕೊಂಡು ಅಂದರು, "ಒಂದು ಸಲ ಹಾಕಿದ್ದೆ. ಅದಕ್ಕೇ ಹೇಳುದು."

ಕುಶಾಲಪ್ಪಣ್ಣ ತಲೆ ಆಡಿಸಿದರು. ನಾನು ಸೇರಿಸಿದೆ. ಅಕ್ಕ ಕೈಚೀಲದಿಂದ ಮೊಂಡು ಪೆನ್ಸಿಲು ತೆಗೆದು, ನಾನು ಬಿಟ್ಟಿದ್ದ ಒಂದು ಪೂರ್ಣವಿರಾಮ ಹಾಕಿ, ಬಸ್ಸು ಹಿಡಿದು ಕಡಬಕ್ಕೆ ಹೋದರು.

ಈಗ ಇದನ್ನು ಬರೆಯಲು ಕಾರಣ ಉಂಟು. ಅಕ್ಕ ನಮ್ಮ ಊರು ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಅವರ ಕತೆಗೆ ರೆಕ್ಕೆ ಹುಟ್ಟಿದೆ. ಹೊಸ ಡ್ರೈವರುಗಳು ಹೇಳುವ ಪ್ರಕಾರ ಅವರು ನನ್ನ ಹೋಟೆಲಿನಿಂದಲೇ ದಿಲ್ಲಿಗೆ ಫೋನು ಮಾಡಿದರಂತೆ, ಅಲ್ಲಿಂದ ಮಂತ್ರಿಗಳೇ ಕುಶಾಲಪ್ಪಣ್ಣನಿಗೆ ಬೈದರಂತೆ. ಮೊನ್ನೆ ಒಬ್ಬ ಹೇಳಿದ, ಪೋಲೀಸು ಜೀಪು ಬಂದು ಅದ್ರಾಮನನ್ನು ಮೆರವಣಿಗೆಯಲ್ಲಿ ಕ್ಯೂವಿಗೆ ಸೇರಿಸಿತಂತೆ. ಒಂದೂ ಸತ್ಯವಲ್ಲ. ನಡೆದದ್ದು ಇದಕ್ಕಿಂತ ಚಂದ ಉಂಟು.

ಅಕ್ಕನ ಮೂಲ ಸುಳ್ಯದ ಕಡೆ, ಮನೆಮಾತು ಅರೆಭಾಷೆ. ಓದಿ, ಪರೀಕ್ಷೆ ಪಾಸಾಗಿ, ದಿಲ್ಲಿಯ ಒಂದು ಸಚಿವಾಲಯದಲ್ಲಿ ಆರ್ಥಿಕ ದಿಗ್ಬಂಧನಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಮುಖ್ಯಸ್ಥರಾಗಿ ನಿವೃತ್ತರಾದವರು. ಊರಿನ ಕಡೆಯೇ ಇರಬೇಕೆಂದು ಕಡಬದಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅವರ ಕೆಲಸ ಎಂತದು ಎಂದು ನಮಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಒಂದು ಮಂಗಳವಾರ ಕುಶಾಲಪ್ಪಣ್ಣನೇ ಕೇಳಿದರು.

"ಒಂದು ದೇಶ ಮಾಡಬಾರದ ಕೆಲಸ ಮಾಡಿತು ಅಂತ ಇಟ್ಕೊಳ್ಳಿ," ಎಂದರು ಅಕ್ಕ. "ಯುದ್ಧಕ್ಕೆ ಹೋಗ್ಲಿಕ್ಕೆ ಯಾರಿಗೂ ಮನಸ್ಸಿಲ್ಲ. ಸುಮ್ಮನೆ ಕೂತ್ಕೊಳ್ಳಿಕ್ಕೂ ನಾಚಿಕೆ. ಆಗ ಎಲ್ಲ ದೇಶದವರೂ ಸೇರಿ ನಿನಗೆ ಇಂಥದ್ದು ಮಾರುದಿಲ್ಲ, ನಿನ್ನಿಂದ ಇಂಥದ್ದು ತಗೊಳ್ಳುದಿಲ್ಲ, ನಿನ್ನ ದೊಡ್ಡವರ ದುಡ್ಡು ನಮ್ಮ ಬ್ಯಾಂಕಿನಲ್ಲಿ ಉಂಟಲ್ಲ, ಅದನ್ನು ಮುಟ್ಲಿಕ್ಕೆ ಬಿಡುದಿಲ್ಲ ಅನ್ನುದು. ನಮ್ಮ ದೇಶದಲ್ಲಿ ಅದು ಸರಿಯಾಗಿ ನಡೀತದಾ, ಪಟ್ಟಿಯಲ್ಲಿ ಯಾರಿದ್ದಾರೆ, ಬಂದರಿನಿಂದ ಎಂತ ಹೋಗ್ತದೆ, ಎಂತ ಹೋಗಬಾರದು, ಇದನ್ನು ನೋಡುದು ನನ್ನ ಕೆಲಸ."

ಕುಶಾಲಪ್ಪಣ್ಣನ ಮುಖ ಅರಳಿತು. "ಹಾಗಾದ್ರೆ ನಾವು ಮಾಡಿದ್ದೂ ಅದೇ ಅಲ್ವಾ!"

"ಹೌದು ಅಣ್ಣ. ಅದಕ್ಕೇ ನನಗೆ ಹೆದರಿಕೆ."

ಮಂಗಳವಾರ ಎಂದೆನಲ್ಲ, ಅದು ಅವರ ಪರಿಶೀಲನೆಯ ದಿನ. ದಿಲ್ಲಿಯಲ್ಲಿ ವಾರಕ್ಕೊಮ್ಮೆ ಎಲ್ಲ ದಿಗ್ಬಂಧನಗಳ ಫೈಲುಗಳನ್ನು ಮುಂದಿಟ್ಟು, ಇದರಿಂದ ಏನಾಯಿತು ಎಂದು ಕೇಳುವ ಪದ್ಧತಿ ಇತ್ತಂತೆ. ಅದೇ ಪದ್ಧತಿಯನ್ನು ನನ್ನ ಹೋಟೆಲಿಗೆ ತಂದರು. ಬಸ್ಸಿನಲ್ಲಿ ಬರುವುದು, ಟಿಕೇಟನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯಲ್ಲಿ ಇಡುವುದು, ಬನ್ಸು, ಚಹಾ, ಆಮೇಲೆ ವಿಚಾರಣೆ. ವಿಚಾರಣೆ ಎಂದರೆ ಗದರಿಸುವುದಲ್ಲ. ನೆಂಟರ ಮನೆಯಲ್ಲಿ ಸುದ್ದಿ ಕೇಳುವ ಹಾಗೆ, "ಈ ವಾರ ಹೇಗೆ ಉಂಟು ನಮ್ಮ ದಿಗ್ಬಂಧನ?" ಎನ್ನುವರು. ಆ "ನಮ್ಮ" ಕೇಳಿ ಡ್ರೈವರುಗಳಿಗೆ ಖುಷಿಯೋ ಖುಷಿ.

ಮೂರನೆಯ ಮಂಗಳವಾರ ಅವರು ನನ್ನನ್ನೇ ಹಿಡಿದರು. "ಶೇಷಪ್ಪಣ್ಣ, ನಿಮ್ಮ ಹಿಂದಿನ ಕಿಟಕಿಯಲ್ಲಿ ಒಂದು ಫ್ಲಾಸ್ಕು ಉಂಟಲ್ಲ, ಅದು ಯಾರದ್ದು?"

ನಾನು ತೊದಲಿದೆ. ಅದ್ರಾಮನಿಗೆ ಚಹಾ ಇಲ್ಲ ಎಂದು ನನ್ನ ಕೈಯಾರೆ ಬರೆದಿದ್ದೆ ನಿಜ. ಆದರೆ ಇಪ್ಪತ್ತು ವರ್ಷ ನನ್ನ ಚಹಾ ಕುಡಿದವನು ರಸ್ತೆಯಾಚೆ ಬಾಯಿ ಒಣಗಿಸಿಕೊಂಡು ನಿಂತರೆ ನನಗೆ ಗಲ್ಲಾದಲ್ಲಿ ಕೂತುಕೊಳ್ಳಲು ಆಗುತ್ತದೆಯೆ? ಫ್ಲಾಸ್ಕು ಹಿಂದಿನ ಕಿಟಕಿಯಲ್ಲಿ ಇಡುತ್ತಿದ್ದೆ, ಅದು ತನ್ನಷ್ಟಕ್ಕೆ ಖಾಲಿಯಾಗುತ್ತಿತ್ತು. ಕುಶಾಲಪ್ಪಣ್ಣ ನನ್ನನ್ನು ಸುಡುವ ಹಾಗೆ ನೋಡಿದರು. ಆಗ ಹಿಂದಿನಿಂದ ಒಬ್ಬ ಡ್ರೈವರು, "ಅಣ್ಣ, ನಿಮ್ಮ ಹೆಂಡತಿ ಅದ್ರಾಮನ ಹತ್ರವೇ ಮೀನು ತಗೊಳ್ಳುದು," ಎಂದುಬಿಟ್ಟ. ಕ್ಯೂ ಹೋದ ಮೇಲೆ ಅದ್ರಾಮ ಬೆಳಿಗ್ಗೆ ಜೀಪಿನಲ್ಲಿ ಮೀನು ಮಾರತೊಡಗಿದ್ದ. ಇನ್ನೊಬ್ಬ, ಗುಂಡ್ಯದಲ್ಲಿ ಬಸ್ಸು ತಪ್ಪಿದವರನ್ನು ತಾನೇ ಅದ್ರಾಮನಿಗೆ ದಾಟಿಸುತ್ತೇನೆ ಎಂದು ಒಪ್ಪಿಕೊಂಡ. ಐದು ನಿಮಿಷದಲ್ಲಿ ಹೊರಬಿದ್ದ ವಿಷಯವೆಂದರೆ, ದಿಗ್ಬಂಧನವನ್ನು ಮುರಿಯದವರು ಇಡೀ ನೆಟ್ಟಣದಲ್ಲಿ ಇಬ್ಬರೇ: ಒಂದು ಕುಶಾಲಪ್ಪಣ್ಣ, ಇನ್ನೊಂದು ದಿಲ್ಲಿಯ ಅಕ್ಕ.

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬೇಸರ ಮಾಡ್ಬೇಡಿ ಅಣ್ಣ. ನಮ್ಮದೂ ಹೀಗೇ ಸೋರುದು. ಹಡಗಿನ ಹೆಸರಿಗೆ ರಾತ್ರಿ ಬೆಳಗಾಗುದರೊಳಗೆ ಹೊಸ ಬಣ್ಣ ಬಳಿದು ಬಂದವರಿದ್ದಾರೆ. ಶೇಷಪ್ಪಣ್ಣನ ಫ್ಲಾಸ್ಕು ಎಂತ ಮಹಾ?"

ಆದರೆ ತನ್ನ ಶಿಕ್ಷೆಯ ವಿಷಯದಲ್ಲಿ ಅವರು ಬಲು ಬಿಗಿ, ಅತಿಯೇ ಆಯಿತು ಎನ್ನುವಷ್ಟು. ಒಂದು ಮಂಗಳವಾರ ಮಧ್ಯಾಹ್ನದ ಬಸ್ಸು ಬರಲಿಲ್ಲ. ಅಕ್ಕ ಕೊಡೆ ಬಿಚ್ಚಿ ಕಡಬದ ಕಡೆ ನಡೆದೇ ಹೊರಟರು. ನೋಡಲಾಗದೆ ಒಂದು ಜೀಪು ಹಿಂದೆ ಹೋಯಿತು. ಅದನ್ನು ನೋಡಿ ಇನ್ನೊಂದು, ಆಮೇಲೆ ಕುಶಾಲಪ್ಪಣ್ಣನದ್ದು. ಮುಂದೆ ಕೊಡೆ ಹಿಡಿದ ಅಕ್ಕ, ಹಿಂದೆ ಮೂರು ಖಾಲಿ ಜೀಪು, ಮೂರೂ ಎರಡನೆಯ ಗೇರು ಹತ್ತದ ವೇಗದಲ್ಲಿ. ದಾರಿಯ ಮನೆಯವರು ಯಾವ ದೇವರ ಸವಾರಿ ಎಂದು ಅಂಗಳಕ್ಕೆ ಬಂದು ನೋಡಿದರಂತೆ.

"ಹತ್ತಿ ಮಾರಾಯ್ರೆ!" ಎಂದು ಕುಶಾಲಪ್ಪಣ್ಣ ಕಿಟಕಿಯಿಂದ ತಲೆ ಹೊರಹಾಕಿ ಅಂಗಲಾಚಿದರು. "ನಾನೇ ಅಧ್ಯಕ್ಷ, ನಾನೇ ಹೇಳ್ತಾ ಇದ್ದೇನೆ."

"ಅಧ್ಯಕ್ಷರು ಬಾಯಲ್ಲಿ ಹೇಳಿದ್ರೆ ಆಗುದಿಲ್ಲ. ಪುಸ್ತಕದಲ್ಲಿ ನನ್ನ ಹೆಸರು ಉಂಟು."

"ಕಾಲು ನೋಯುದಿಲ್ವಾ?"

"ನೋಯ್ತದೆ. ನೋಯದಿದ್ರೆ ಅದು ಎಂತ ಶಿಕ್ಷೆ?"

ಕೊನೆಗೆ ಹಿಂದಿನಿಂದ ಬಂದ ಬಸ್ಸು ಮೂರು ಜೀಪುಗಳಿಗೂ ಹಾರನ್ನು ಹೊಡೆದು, ಅಕ್ಕನನ್ನು ಹತ್ತಿಸಿಕೊಂಡಿತು.

ಇಷ್ಟೆಲ್ಲ ಹಟ ಯಾಕೆ ಎಂದು ನಾನೊಮ್ಮೆ ಕೇಳಿದೆ. ಆವತ್ತು ಹೋಟೆಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಚಹಾದ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು. ಬಹಳ ಹಿಂದೆ, ವಿಭಾಗಕ್ಕೆ ಹೊಸದಾಗಿ ಬಂದಿದ್ದಾಗ, ದಿಗ್ಬಂಧನದಲ್ಲಿದ್ದ ಒಂದು ದೇಶಕ್ಕೆ ಹೊರಟಿದ್ದ ಸಣ್ಣದೊಂದು ಪೆಟ್ಟಿಗೆಯನ್ನು ಬಂದರಿನಲ್ಲಿ ತಡೆದರಂತೆ. ಒಳಗಿದ್ದದ್ದು ಒಂದು ಬಗೆಯ ಪಂಪು. ಆಯುಧದ ಕಾರ್ಖಾನೆಗೂ ಅದು ಬೇಕಾಗುವುದರಿಂದ ಪಟ್ಟಿಯಲ್ಲಿ ಅದರ ಹೆಸರಿತ್ತು. ತಡೆಯಲು ಸಹಿ ಹಾಕಿದ್ದು ಇವರೇ. ಹನ್ನೊಂದು ತಿಂಗಳ ಮೇಲೆ ಫೈಲು ಬಿಚ್ಚಿ ನೋಡಿದರೆ, ಅದು ಮೂತ್ರಪಿಂಡದ ರೋಗಿಗಳ ರಕ್ತ ಶುದ್ಧ ಮಾಡುವ ಯಂತ್ರಕ್ಕೆಂದು ಒಂದು ಆಸ್ಪತ್ರೆಯವರು ತರಿಸಿದ್ದು.

"ಪಟ್ಟಿಗೆ ಸೇರಿಸ್ಲಿಕ್ಕೆ ಒಂದು ಸಹಿ ಸಾಕು ಶೇಷಪ್ಪಣ್ಣ. ತೆಗೀಲಿಕ್ಕೆ ಏಳು ಸಹಿ ಬೇಕಾಯ್ತು. ಆ ಹನ್ನೊಂದು ತಿಂಗಳು ಆ ಆಸ್ಪತ್ರೆಯಲ್ಲಿ ಎಂತ ಆಯ್ತು ಅಂತ ನಾನು ಕೇಳ್ಲಿಲ್ಲ. ಧೈರ್ಯ ಬರ್ಲಿಲ್ಲ."

ಅವರು ಲೋಟ ಎತ್ತಿ ಕುಡಿದು, "ಚಹಾ ಆರಿದೆ, ಇನ್ನೊಂದು ಕೊಡಿ. ಸಕ್ಕರೆ ಇವತ್ತು ಸ್ವಲ್ಪ ಜಾಸ್ತಿ ಇರ್ಲಿ," ಎಂದರು.

ಹೀಗೆ ಐದು ವಾರ ಕಳೆಯಿತು. ಫ್ಲಾಸ್ಕು, ಮೀನು, ಗುಂಡ್ಯದ ಬಾಡಿಗೆ ಎಂದು ನಾವು ನಗುತ್ತಿದ್ದರೂ ಅದ್ರಾಮನ ಮುಖ ದಿನೇ ದಿನೇ ಬಾಡುತ್ತಿತ್ತು. ಸ್ಟೇಷನ್ನಿನ ಕ್ಯೂ ಅವನಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಅವನ ತಂದೆ ಆ ಜಾಗದಲ್ಲಿ ಮೊದಲು ಜೀಪು ನಿಲ್ಲಿಸಿದವರಲ್ಲಿ ಒಬ್ಬರು. ಮೀನಿನ ಬುಟ್ಟಿಯ ನಡುವೆ ಕೂತು, ರೈಲು ಬಂದಾಗ ತಲೆ ತಗ್ಗಿಸಿಕೊಂಡು ಹೋಗುವ ಅದ್ರಾಮನನ್ನು ನೋಡಲಾಗದೆ ನಾನು ಅಡಿಗೆಕೋಣೆಗೆ ಹೋಗಿಬಿಡುತ್ತಿದ್ದೆ. ಅವನ ಹೆಂಡತಿ ತುಂಬು ಬಸುರಿ ಬೇರೆ. ಕ್ಯೂವಿಗೆ ಮರಳದಿದ್ದರೆ ಜೀಪು ಮಾರಿ ಗಲ್ಫಿನಲ್ಲಿರುವ ಅಣ್ಣನ ಹತ್ತಿರ ಹೋಗುತ್ತೇನೆ ಎಂದು ಹೇಳತೊಡಗಿದ್ದ. ಕ್ಷಮೆ ಕೇಳು ಎಂದರೆ, "ಎಂತಕ್ಕೆ? ಫೋನು ಬಂದ್ರೆ ಹೋಗ್ಬಾರ್ದಾ? ಅದು ತಪ್ಪಾ?" ಎನ್ನುವನು. ಇತ್ತ ಕುಶಾಲಪ್ಪಣ್ಣ, "ಅವನು ಬಂದು ಕೇಳ್ಲಿ" ಎಂಬಲ್ಲಿಂದ ಅರ್ಧ ಗೇಣೂ ಸರಿಯುವವರಲ್ಲ.

ಒಂದು ಬೆಳಿಗ್ಗೆ ಅದ್ರಾಮನ ಹೆಂಡತಿಗೆ ಹೆರಿಗೆ ನೋವು ಬಂತು. ಅವನ ಜೀಪು ಕ್ಲಚ್ಚು ಹೋಗಿ ಮೂರು ದಿನದಿಂದ ನಿಂತಿತ್ತು, ಯಾರೂ ಕೈ ಹಾಕುವಂತಿಲ್ಲವಲ್ಲ. ಅವನು ಓಡುತ್ತಾ ಸ್ಟೇಷನ್ನಿನ ಹತ್ತಿರ ಬಂದು, ಹೋಟೆಲಿನ ಮೆಟ್ಟಿಲ ಕೆಳಗೆ ನಿಂತ. ಕ್ಯೂವಿನಲ್ಲಿ ಮೊದಲು ಇದ್ದದ್ದು ಕುಶಾಲಪ್ಪಣ್ಣನ ಜೀಪು.

ಕುಶಾಲಪ್ಪಣ್ಣ ನನ್ನ ಕಡೆ ತಿರುಗಿದರು. "ಶೇಷಪ್ಪ, ಪುಸ್ತಕದಲ್ಲಿ ಹೆರಿಗೆ ಉಂಟಾ?"

"ಉಂಟು ಅಣ್ಣ. ಔಷಧಿ, ಆಸ್ಪತ್ರೆ, ಹೆರಿಗೆ, ಮರಣ."

ಮುಂದಿನ ಮಾತಿಗೆ ಅವರು ಕಾಯಲಿಲ್ಲ, ಜೀಪು ಆಗಲೇ ಸ್ಟಾರ್ಟಾಗಿತ್ತು.

ಪುತ್ತೂರಿನ ಆಸ್ಪತ್ರೆಯವರೆಗೆ ಆ ಜೀಪಿನಲ್ಲಿ ಏನು ನಡೆಯಿತು ಎಂಬುದನ್ನು ಅದ್ರಾಮನ ಅತ್ತೆ ಇವತ್ತಿಗೂ ಹೇಳಿ ನಗುತ್ತಾರೆ. ಕುಶಾಲಪ್ಪಣ್ಣ ಹೊರಡುವಾಗಲೇ ಸ್ಪಷ್ಟ ಮಾಡಿದ್ದರಂತೆ: "ಇದು ವಿನಾಯಿತಿ ಮಾತ್ರ. ಉಳಿದದ್ದು ಎಲ್ಲ ಹಾಗೇ ಉಂಟು." ಹಾಗಾಗಿ ದಾರಿಯುದ್ದಕ್ಕೂ ಅದ್ರಾಮನ ಹತ್ತಿರ ಒಂದು ಮಾತಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನರಳುತ್ತಿರುವಾಗ, ಇಬ್ಬರು ಗಂಡಸರ ನಡುವೆ ಮಾತು ದಾಟಿಸುವ ಕೆಲಸ ಆ ತಾಯಿಗೆ ಬಿತ್ತು.

"ಮಾಮಿ, ಕಾಣಿಯೂರು ದಾರಿಯಲ್ಲಿ ಹೊಂಡ ಜಾಸ್ತಿ ಅಂತ ಅವರಿಗೆ ಹೇಳಿ," ಎನ್ನುವನು ಅದ್ರಾಮ, ಕುಶಾಲಪ್ಪಣ್ಣನಿಂದ ಒಂದು ಮೊಳ ದೂರದಲ್ಲಿ ಕೂತು.

"ಇಪ್ಪತ್ತೈದು ವರ್ಷದಿಂದ ನಾನು ಇದೇ ದಾರಿಯಲ್ಲಿ ಹೋಗುದು ಅಂತ ಅವನಿಗೆ ಹೇಳಿ," ಎನ್ನುವರು ಕುಶಾಲಪ್ಪಣ್ಣ.

ಸವಣೂರು ದಾಟುವಾಗ ಅದ್ರಾಮನ ಹೆಂಡತಿಯೇ ಹಿಂದಿನಿಂದ ಚೀರಿದಳಂತೆ: "ನಿಮ್ಮಿಬ್ಬರ ಕ್ಯೂ ಸಾಯ್ಲಿ! ಜೀಪು ಬೇಗ ಬಿಡಿ!"

ಹೆಣ್ಣು ಮಗು. ಕುಶಾಲಪ್ಪಣ್ಣ ನಾಲ್ಕು ಗಂಟೆ ಆಸ್ಪತ್ರೆಯ ಹೊರಗೆ ಕೂತಿದ್ದು, ಮಗುವಿನ ಮುಖ ನೋಡಿಯೇ ಹೊರಟರು. ಮರುದಿನ ಅವರು ಹೋಟೆಲಿಗೆ ಬಂದ ಕೂಡಲೇ ಕೇಳಿದ್ದು ಒಂದೇ: "ಅಕ್ಕ ಬರುದು ಮಂಗಳವಾರವಾ?"

ಆ ಮಂಗಳವಾರ ಅಕ್ಕ ಬನ್ಸು ತಿಂದು ಮುಗಿಸಿ, ಪುಸ್ತಕ ಕೇಳಿ ತೆಗೆದುಕೊಂಡು, ತಲೆ ಎತ್ತದೆಯೇ ಹೇಳಿದರು, "ಅಣ್ಣ, ಒಂದು ವಿಷಯ ಬಿಟ್ಟುಹೋಗಿದೆ. ನಾನು ಪೆಟ್ಟಿಗೆ ತಂದ ದಿನ ಕ್ಯೂವಿನಲ್ಲಿ ಮೊದಲು ಇದ್ದದ್ದು ಯಾರು?"

ಡ್ರೈವರುಗಳೆಲ್ಲ ಒಮ್ಮೆಲೇ ನೆಲ ನೋಡಿದರು. ಒಬ್ಬನಂತೂ ಬಗ್ಗಿ ಚಪ್ಪಲಿಯ ಬಾರು ಸರಿಮಾಡತೊಡಗಿದ. ಅವನ ಚಪ್ಪಲಿಗೆ ಬಾರೇ ಇರಲಿಲ್ಲ.

"ನಾನು," ಎಂದರು ಕುಶಾಲಪ್ಪಣ್ಣ.

"ಹಾಗಾದ್ರೆ ಬಾಡಿಗೆ ತಪ್ಪಿದ್ದು ನಿಮಗೆ. ತೀರ್ಪು ಕೊಟ್ಟದ್ದೂ ನೀವು."

"ಅದು... ಅಧ್ಯಕ್ಷ ಅಂತ..."

"ನಂಗೆ ಗೊತ್ತುಟ್ಟು ಅಣ್ಣ," ಎಂದರು ಅಕ್ಕ, ಮೆಲ್ಲಗೆ, ತಮ್ಮಿಬ್ಬರದ್ದೂ ಮನೆಮಾತಾದ ಅರೆಭಾಷೆಯಲ್ಲಿ. ಆಮೇಲೆ ನಮಗೆಲ್ಲ ಕೇಳುವ ಹಾಗೆ, "ಮೊದಲ ದಿನವೇ ನನಗೆ ಅಂದಾಜಿತ್ತು. ಆವತ್ತು ಕೇಳಿದ್ರೆ ನೀವು ಎದ್ದು ಹೋಗ್ತಿದ್ದಿರಿ. ಕ್ಯೂವೂ ಹೋಗ್ತಿತ್ತು. ನಿಮ್ಮ ಹಾಗೇ ದೊಡ್ಡ ದೊಡ್ಡ ದೇಶದವರು ಬಾಗಿಲು ಹಾಕಿ ಬೀಗದ ಕೈ ಎಲ್ಲಿಟ್ಟಿದ್ದೇವೆ ಅಂತ ಮರೀತಾರೆ. ಆಮೇಲೆ ಹೊರಗಿನವನೂ ಸಿಕ್ಕಿಬಿದ್ದ, ಒಳಗಿನವನೂ ಸಿಕ್ಕಿಬಿದ್ದ. ಅವನು ಎಂತ ಮಾಡಿದ್ರೆ ನೀವು ಕ್ಯೂವಿಗೆ ಸೇರಿಸ್ತೀರಿ? ಕಣ್ಣಿಗೆ ಕಾಣುವ ಒಂದು ಕೆಲಸ ಹೇಳಿ. ಬುದ್ಧಿ ಬರ್ಬೇಕು ಅಂತ ಹೇಳ್ಬೇಡಿ, ಅದು ನನಗೇ ಇನ್ನೂ ಬರ್ಲಿಲ್ಲ."

ಡ್ರೈವರುಗಳು ತಲೆಗೊಂದು ಹೇಳಿದರು. ಒಬ್ಬ ಎಲ್ಲರಿಗೂ ಬಿರಿಯಾನಿ ಆಗಬೇಕೆಂದ. ಒಬ್ಬ ಒಂದು ತಿಂಗಳು ಕೊನೆಯಲ್ಲಿ ನಿಲ್ಲಲಿ ಎಂದ. ಕುಶಾಲಪ್ಪಣ್ಣ ಬಹಳ ಹೊತ್ತು ಮೀಸೆ ತಿರುವಿದರು.

"ನನ್ನ ಒಂದು ಸರದಿ ಹೋಗಿದೆ," ಎಂದರು ಕೊನೆಗೆ. "ಅವನ ಒಂದು ಸರದಿ ನನಗೆ ಕೊಡ್ಲಿ. ಸಾಕು."

"ಅಷ್ಟೇಯಾ?"

"ಅಷ್ಟೇ."

ಆರು ವಾರದ ದಿಗ್ಬಂಧನದ ಹೊಟ್ಟೆಯಲ್ಲಿ ಇದ್ದದ್ದು ಒಂದು ಸರದಿ. ಅಕ್ಕ ಅದನ್ನು ಬರೆಸಿದರು. ಜೊತೆಗೆ ಇನ್ನೊಂದು ಸಾಲು: ಫೋನಿನ ಬಾಡಿಗೆ ಬಂದರೆ ಯಾರು ಬೇಕಾದರೂ ಹೋಗಬಹುದು, ಆದರೆ ಮರಳಿ ಬಂದ ಮೇಲೆ ಕ್ಯೂವಿನ ಕೊನೆ. ಇನ್ನು ಮೇಲೆ ಯಾರನ್ನು ಹೊರಗೆ ಹಾಕಿದರೂ ಎಷ್ಟು ದಿನ, ಹೇಗೆ ಒಳಗೆ ಬರುವುದು, ಎರಡನ್ನೂ ಅದೇ ಪುಟದಲ್ಲಿ ಬರೆಯಬೇಕು.

ಉಳಿದದ್ದು ಅದ್ರಾಮನ ಹಟ. ಅಕ್ಕ ಅವನ ಮನೆಗೇ ಹೋದರು, ನಾನೂ ಜೊತೆಗಿದ್ದೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಬೆರಳು ಎಣಿಸುತ್ತಾ ಕೇಳಿದರು, "ಅದ್ರಾಮ, ಕ್ಯೂ ಇಲ್ಲದಿದ್ದಾಗ ಬಾಡಿಗೆ ಯಾರಿಗೆ ಸಿಗ್ತಿತ್ತು?"

"ಜೋರು ಕೂಗುವವನಿಗೆ."

"ನೀನು ಒಮ್ಮೆ ಕೂಗು ನೋಡುವ."

ಅದ್ರಾಮನ ಸ್ವರ ಎಷ್ಟು ತೆಳು ಎಂದರೆ ಅವನು ಮೀನು ಮಾರಲು ಹೋದಾಗ ದಾರಿಯ ಮನೆಗಳವರಿಗೆ ಕೇಳದೆ, ಕೊನೆಗೆ ಒಂದು ಪೀಪಿ ತಂದುಕೊಂಡಿದ್ದ. ಅವನು ಬಾಯಿ ತೆರೆದು, "ಸುಬ್ರಮಣ್ಯ, ಸುಬ್ರಮಣ್ಯ," ಎಂದ. ಕಾಲ ಮೇಲಿದ್ದ ಮಗುವಿಗೂ ಎಚ್ಚರವಾಗಲಿಲ್ಲ. ಒಳಗಿನಿಂದ ಅವನ ಹೆಂಡತಿ ಕಿಸಕ್ಕೆಂದಳು. ಅವನೂ ನಕ್ಕುಬಿಟ್ಟ.

"ಒಂದು ಸರದಿ ತಾನೆ ಅಕ್ಕ, ಕೊಡ್ತೇನೆ," ಎಂದ.

ಮರುದಿನ ಬೆಳಿಗ್ಗೆ ಡ್ರೈವರುಗಳೇ ಸೇರಿ ಅವನ ಜೀಪಿಗೆ ಕ್ಲಚ್ಚು ಹಾಕಿಕೊಟ್ಟರು. ರೈಲು ಬರುವಾಗ ಅದ್ರಾಮ ಸಾಲಿನಲ್ಲಿದ್ದ. ಅವನ ಸರದಿ ಬಂದಾಗ ಜೀಪನ್ನು ಬದಿಗೆ ತೆಗೆದ, ಹಿಂದಿದ್ದ ಕುಶಾಲಪ್ಪಣ್ಣ ಮುಂದೆ ಬಂದರು. ಪಕ್ಕಕ್ಕೆ ಬಂದಾಗ ಬ್ರೇಕು ಹಿಡಿದು, "ಮಗುವಿಗೆ ಹೆಸರು ಇಟ್ಟಾಯ್ತಾ?" ಎಂದು ಕೇಳಿದರು. ಆರು ವಾರದಲ್ಲಿ ನೇರ ಆಡಿದ ಮೊದಲ ಮಾತು ಅದು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಒಳಗೆ ಬಂದು ಪುಸ್ತಕದಲ್ಲಿ ಮೊದಲು ಅದ್ರಾಮನ ಹೆಸರು, ಆಮೇಲೆ ತನ್ನ ಹೆಸರು ಹೊಡೆದುಹಾಕಿದರು. ಆ ಮೊಂಡು ಪೆನ್ಸಿಲು ಕಾಗದವನ್ನು ಹರಿಯುವುದೊಂದು ಬಾಕಿ, ಅಷ್ಟು ಒತ್ತಿ ಎಳೆದಿದ್ದರು. "ನಲವತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಬೇಗ ತೆಗೆದದ್ದು ಇದೊಂದೇ," ಎಂದರು. "ಮೂವತ್ತು ಅಂತ ಹೇಳಿದ್ದಿರಲ್ಲ," ಎಂದೆ ನಾನು. "ಆ ವಿಭಾಗದಲ್ಲಿ ಮೂವತ್ತು ಮಾರಾಯ್ರೆ, ಅದಕ್ಕೆ ಮೊದಲು ಬೇರೆ ಕಡೆ ಹೌದು ಹೌದು ಅನ್ನುವ ಕೆಲಸ ಇತ್ತು," ಎಂದು ನಕ್ಕರು.

ಅದಾದ ಮೇಲೆ ಎರಡು ವರ್ಷ ಅವರು ನಮ್ಮ ಜೀಪುಗಳಲ್ಲೇ ಓಡಾಡಿದರು. ಆದರೆ ಅದ್ರಾಮನಿಗೆ ಫೋನು ಮಾಡಲಿಲ್ಲ. ರೈಲಿನಿಂದ ಇಳಿದರೆ ಸಾಲಿನ ಮೊದಲ ಜೀಪು ಯಾರದ್ದೋ ಅದಕ್ಕೆ. ಅವರನ್ನು ಕೂರಿಸಿಕೊಳ್ಳುವ ಆಸೆಗೆ, ಅವರು ಬರುವ ದಿನ ಹುಡುಗರು ಹಿಂದು ಮುಂದು ಮಾಡಿ ಕ್ಯೂವನ್ನೇ ಕೆಡಿಸುತ್ತಿದ್ದರು. ಅದಕ್ಕೂ ಅಕ್ಕನಿಂದಲೇ ಬೈಗುಳ ತಿನ್ನುತ್ತಿದ್ದರು. ಕಳೆದ ವರ್ಷ ಮಂಡಿನೋವು ಹೆಚ್ಚಾಗಿ, ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಲಾಗದೆ, ಮೈಸೂರಿನ ತಂಗಿಯ ಮನೆಗೆ ಹೋದರು. ಆ ಹದಿನಾಲ್ಕು ಪುಸ್ತಕದ ಪೆಟ್ಟಿಗೆಗಳಲ್ಲಿ ಒಂಬತ್ತನ್ನು ಕಡಬದ ಶಾಲೆಗೆ ಕೊಟ್ಟರು. ಈಗಲೂ ತಿಂಗಳಿಗೊಮ್ಮೆ ಹೋಟೆಲಿಗೆ ಫೋನು ಬರುತ್ತದೆ.

ಮೊನ್ನೆ ಒಂದು ಮದುವೆಯ ಪಾರ್ಟಿಯನ್ನು ಕುಶಾಲಪ್ಪಣ್ಣ ಫೋನಿನಲ್ಲಿ ಗೊತ್ತು ಮಾಡಿಕೊಂಡು ಹೋದರು. ಮರಳಿ ಬಂದವರು ಕ್ಯೂವಿನ ಕೊನೆಗೆ ಹೋಗದೆ, ಮರೆತೋ ಬೇಕೆಂದೋ, ಮೊದಲಿಗೇ ಬಂದು ನಿಂತರು. ಸಭೆ ಸೇರಿತು. ಈ ಸಲ ರಸ್ತೆಯ ಆಚೆ ನಿಂತವರು ಅವರು. ಬೆಂಚಿನಲ್ಲಿ ಅದ್ರಾಮ ಕೂತಿದ್ದ, ಅವತ್ತು ಬಾಡಿಗೆ ತಪ್ಪಿದ್ದು ಅವನಿಗಲ್ಲ ಎಂದು ಮೊದಲೇ ವಿಚಾರಿಸಿ ಖಚಿತ ಮಾಡಿಕೊಂಡಿದ್ದೆವು. ಮೂರು ದಿನ ಹೊರಗೆ, ನಾಲ್ಕನೆಯ ದಿನ ಬೆಳಿಗ್ಗೆ ಕೊನೆಯಲ್ಲಿ ನಿಂತರೆ ಆಯಿತು ಎಂದು ಬರೆದೆವು. ಕುಶಾಲಪ್ಪಣ್ಣ ಆ ಮೂರು ದಿನ ಹೆಂಡತಿಯನ್ನು ಕರೆದುಕೊಂಡು ಕಲ್ಲುಗುಂಡಿಯ ಅವರ ತವರಿಗೆ ಹೋದರು. ಆರು ವರ್ಷದಿಂದ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರಂತೆ. ಅವರ ಹೆಂಡತಿ ಅಲ್ಲಿಂದಲೇ ನನಗೆ ಫೋನು ಮಾಡಿ, "ಮೂರು ದಿನ ಎಂತಕ್ಕೆ ಸಾಕು ಶೇಷಪ್ಪಣ್ಣ, ಒಂದು ವಾರ ಹಾಕ್ಲಿಕ್ಕೆ ಆಗ್ಲಿಲ್ವಾ?" ಎಂದು ಕೇಳಿದರು.

ನಾಲ್ಕನೆಯ ದಿನ ಬೆಳಿಗ್ಗೆ ಕುಶಾಲಪ್ಪಣ್ಣ ಬಂದು ಜೀಪನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ಮಧ್ಯಾಹ್ನದ ರೈಲಿಗೆ ಅವರ ಸರದಿ ಬಂತು. ಹಾಸನದ ಕಡೆಯ ಒಂದು ಕುಟುಂಬ ಹತ್ತಿತು, ಜೀಪು ಸುಬ್ರಹ್ಮಣ್ಯದ ಕಡೆ ಹೊರಟಿತು.